ಸೀಟಿ ಊದಿದ ಮೇಲೆ

ದೀಪಾವಳಿ ಕಳೆದ ಹೊತ್ತಿಗೆ ಶಿಕಾರಿಪುರದಿಂದ ಶಿರಾಳಕೊಪ್ಪ ಹಾಯ್ದು ಸೊರಬದ ಕಡೆ ಹೊರಟರೆ, ಡಾಂಬರಿನ ಅಂಚಿನುದ್ದಕ್ಕೂ ಹರವಿದ ಮೆಕ್ಕೆಜೋಳವನ್ನು ಹೆಂಗಸರು ಕಾಲಿನಲ್ಲೇ ಗೆರೆ ಎಳೆಯುತ್ತಾ ಕೆದರುತ್ತಿರುತ್ತಾರೆ. ತೋಟದ ಮನೆಗಳಿಂದ ಅಡಿಕೆ ಬೇಯಿಸುವ ಒಗರು ವಾಸನೆ ತೇಲಿ ಬರುತ್ತದೆ. ಮುಂದಿನ ತಿರುವಿನಲ್ಲಿ ಖಾಕಿ ಕಂಡಿತೋ, ಹೆಲ್ಮೆಟ್ ಇಲ್ಲದವರು ಅಲ್ಲಿಂದಲೇ ಬೈಕು ತಿರುಗಿಸುತ್ತಾರೆ. ಉಳಿದವರಿಗೆ ಸೀಟಿ, ಬೀಸಿದ ಕೈ, 'ಏಯ್, ಗಾಡಿ ಸೈಡಿಗೆ ಹಾಕು' ಎಂಬ ಗದರಿಕೆ. ನಾವೂ ಇಲ್ಲೇ ಮರದಡಿ ನಿಂತು ನೋಡೋಣ. ಒಬ್ಬೊಬ್ಬರದೂ ಅರೆ ನಿಮಿಷದ ಕೆಲಸ: ಡಿಎಲ್, ಇನ್ಶೂರೆನ್ಸ್, ಒಂದು ಸಬೂಬು, ದಂಡ ಅಥವಾ ಬಿಡುಗಡೆ.

ಈ ಸಾಲಿನಲ್ಲಿ ಆಟಿಸಂ ಇರುವ, ಬೈಕು ಕಲಿತು ಡಿಎಲ್ ಪಡೆದ ಹುಡುಗನೊಬ್ಬ ಇದ್ದಾನೆ ಎಂದುಕೊಳ್ಳಿ. ಸೀಟಿ ಅವನ ಕಿವಿಯಲ್ಲಿ ಇನ್ನೂ ಕೊರೆಯುತ್ತಿದೆ. ವಾಕಿಟಾಕಿಯ ಗರಗರ, ಜಾಕೆಟ್ಟಿನ ಹೊಳೆಯುವ ಪಟ್ಟಿ, ಲಾರಿಯ ಹಾರನ್ ಎಲ್ಲ ಒಟ್ಟಿಗೇ ಮೈಮೇಲೆ ಬೀಳುತ್ತವೆ. ಅವನು ಪೊಲೀಸರ ಮುಖ ನೋಡುವುದಿಲ್ಲ, ಬೆರಳಿನಿಂದ ಟ್ಯಾಂಕ್ ಬಡಿಯುತ್ತಾನೆ. 'ಕುಡಿದಿದ್ದೀಯೇನೋ?' ಎಂದರೆ, ಉತ್ತರ ಹೊಳೆಯುವ ಮೊದಲೇ ಕೇಳಿದ ಮಾತೇ ಬಾಯಿಂದ ಹೊರಡುತ್ತದೆ: 'ಕುಡಿದಿದ್ದೀಯೇನೋ.' ಕೇಳಿದವರಿಗೆ ಅದು ಅಣಕ. ಕೀ ಕಿತ್ತುಕೊಳ್ಳಲು ಕೈ ಚಾಚಿದರೆ ಅವನು ಬೆಚ್ಚಿ ಹಿಂದೆ ಸರಿಯುತ್ತಾನೆ. ಅದು ಓಡಿಹೋಗುವ ಯತ್ನದಂತೆ ಕಾಣುತ್ತದೆ. ಅವನಲ್ಲಿ ಧಿಮಾಕೂ ಇಲ್ಲ, ಕಳ್ಳತನವೂ ಇಲ್ಲ. ಅವನಿಗೆ ಬೇಕಿದ್ದುದು ಇನ್ನೊಂದಿಷ್ಟು ಹೊತ್ತು, ಒಂದು ಸಲಕ್ಕೆ ಒಂದೇ ಮಾತು.

ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಆಟಿಸಂ ಇರುವ ಚಾಲಕರಿಗೆಂದೇ 2020ರಿಂದ ಒಂದು ನೀಲಿ ಲಕೋಟೆ ಇದೆ. ಒಳಗೆ ಲೈಸೆನ್ಸು, ವಾಹನದ ಕಾಗದಪತ್ರ. ಹೊರಗೆ, ಈ ಚಾಲಕರ ಜೊತೆ ಹೇಗೆ ಮಾತಾಡಬೇಕೆಂದು ಪೊಲೀಸರಿಗೆ ಸೂಚನೆ, ತಡೆದಾಗ ಏನು ಮಾಡಬೇಕೆಂದು ಚಾಲಕರಿಗೂ ಸೂಚನೆ. ಬಾಯಿ ಕಟ್ಟಿಹೋದಾಗ ಲಕೋಟೆಯೇ ಮೊದಲ ಮಾತು ಆಡುತ್ತದೆ.

ನಮ್ಮಲ್ಲೂ ನೆಲ ಹದವಾಗಿಯೇ ಇದೆ. 1995ರ ಅಂಗವಿಕಲರ ಕಾಯ್ದೆಯಲ್ಲಿ ಇಲ್ಲದ ಆಟಿಸಂ, 2016ರ ಕಾಯ್ದೆಯ 21 ಬಗೆಗಳಲ್ಲಿ ಸೇರಿತು. ಅದೇ ಕಾಯ್ದೆಯ 47ನೇ ಕಲಂ ಪೊಲೀಸರ ತರಬೇತಿಯಲ್ಲಿ ಅಂಗವಿಕಲರ ಹಕ್ಕಿನ ಪಾಠ ಇರಲೇಬೇಕು ಎನ್ನುತ್ತದೆ. ಅಂಗವಿಕಲರಿಗೆ ಕೊಡುವ ಯುಡಿಐಡಿ ಗುರುತಿನ ಕಾರ್ಡೂ ಇದೆ. ಆದರೆ ಪರ್ಸಿನ ಮೂಲೆಯ ಆ ಕಾರ್ಡನ್ನು ಗಾಬರಿಯಲ್ಲಿ ತೆಗೆಯುವವರು ಯಾರು? ತೆಗೆದರೂ, ಹೇಗೆ ಮಾತಾಡಿಸಬೇಕೆಂದು ಅದರಲ್ಲಿ ಬರೆದಿಲ್ಲ. ಡಿಎಲ್ ಜೊತೆಗೇ ಇಡುವ, ದೊಡ್ಡ ಅಕ್ಷರದ ಕನ್ನಡ ಲಕೋಟೆಯೊಂದು ಈ ದಾರಿಗೆ ಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಮನೆಮನೆಯ ಗುರುತಿರುವ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು (ವಿಆರ್‌ಡಬ್ಲ್ಯು) ಅದನ್ನು ತಲುಪಿಸಬಲ್ಲರು. ಅವರನ್ನೇ ಒಂದು ಬೆಳಿಗ್ಗೆ ಠಾಣೆಯ ಹಾಜರಿಯ ಹೊತ್ತಿಗೆ ಕರೆಸಿದರೆ, ಎದುರಿಗಿರುವ ಹುಡುಗ ಯಾಕೆ ಮುಖ ನೋಡುವುದಿಲ್ಲ ಎಂದು ಸಿಬ್ಬಂದಿಗೆ ಹೇಳಿಕೊಡಬಲ್ಲರು. ಶಿಕಾರಿಪುರ, ಸೊರಬ ಎರಡೂ ಕಡೆ ಇದನ್ನು ಶುರು ಮಾಡಲು ಹೊಸ ಕಾನೂನೇನೂ ಬೇಕಿಲ್ಲ.