ತಾರಸಿ ಏರಿದ ತಿಪ್ಪೆ

ಬೆಂಗಳೂರಿನ ಹೆಸರು ಹೊತ್ತು ಊರಾಚೆ ಹೋದವುಗಳಲ್ಲಿ ನೀಲಿ ದ್ರಾಕ್ಷಿಯಿದೆ, ಗುಲಾಬಿ ಈರುಳ್ಳಿಯಿದೆ. ಮೂರನೆಯದೊಂದಿದೆ, ಅದನ್ನು ಬೆಂಗಳೂರಿನವರು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ. ಅದು ಗೊಬ್ಬರ. ಕೃಷಿ ಪಠ್ಯಪುಸ್ತಕಗಳಲ್ಲಿ ಕಾಂಪೋಸ್ಟಿನ ಅಧ್ಯಾಯ ತೆರೆದರೆ ‘ಇಂದೋರ್ ವಿಧಾನ’ದ ಬೆನ್ನಿಗೇ ‘ಬೆಂಗಳೂರು ವಿಧಾನ’ ಸಿಗುತ್ತದೆ. 1939ರ ಸುಮಾರಿಗೆ ವಿಜ್ಞಾನಿ ಸಿ.ಎನ್. ಆಚಾರ್ಯ ಇಲ್ಲಿ ರೂಪಿಸಿದ್ದು ಅದು. ಊರಿನ ಕಸವನ್ನೂ ಮಲವನ್ನೂ ಗುಂಡಿಯಲ್ಲಿ ಪದರ ಪದರವಾಗಿ ತುಂಬಿ, ಮೇಲೆ ಮಣ್ಣು ಮೆತ್ತಿ, ತಿರುವಿ ಹಾಕುವ ಗೋಜಿಗೆ ಹೋಗದೆ ತಿಂಗಳುಗಟ್ಟಲೆ ಬಿಟ್ಟುಬಿಡುವುದು. ಒಳಗೆ ಗಾಳಿಯಾಡುವುದಿಲ್ಲ, ಆಳಿನ ಖರ್ಚಿಲ್ಲ.

ಇಂದೋರಿನದು ಇದಕ್ಕೆ ತದ್ವಿರುದ್ಧ. 1924ರಿಂದ 1931ರವರೆಗೆ ಅಲ್ಲಿದ್ದ ಕೃಷಿ ವಿಜ್ಞಾನಿ ಆಲ್ಬರ್ಟ್ ಹೊವಾರ್ಡ್, ನಮ್ಮ ರೈತರ ರೂಢಿಗಳನ್ನು ಗಮನಿಸುತ್ತಾ ಅದನ್ನು ಬೆಳೆಸಿದರು. ರಾಶಿಗೆ ಗಾಳಿ ಬೇಕು, ಆಗಾಗ ತಿರುವಬೇಕು. ಕೆಲಸ ಹೆಚ್ಚು, ಆದರೆ ಸುಮಾರು ಮೂರು ತಿಂಗಳಲ್ಲಿ ಗೊಬ್ಬರ ಕೈಗೆ ಬರುತ್ತದೆ, ವಾಸನೆ ಕಡಿಮೆ. ಇಂದು ನಗರದ ಬಾಲ್ಕನಿ, ತಾರಸಿಗಳಲ್ಲಿ ನಡೆಯುವ ಮಡಕೆ ಗೊಬ್ಬರದ ಕಸುಬು ಬೆಂಗಳೂರಿನದ್ದಾದರೂ ಅದರ ಒಳಗಿನ ತತ್ವ ಇಂದೋರಿನದು. ಮಡಕೆ ನಾರತೊಡಗಿತು ಎಂದರೆ ಅದು ಇಂದೋರ್ ಬಿಟ್ಟು ಬೆಂಗಳೂರಿನ ದಾರಿ ಹಿಡಿದಿದೆ ಎಂದೇ ಅರ್ಥ.

ಹಳ್ಳಿಯಲ್ಲಿ ಈ ಪಾಠ ಯಾರೂ ಹೇಳಿಕೊಡಬೇಕಿರಲಿಲ್ಲ. ಬಯಲುಸೀಮೆಯಲ್ಲಿ ಮನೆಗೊಂದು ತಿಪ್ಪೆ: ಸಗಣಿ, ಗಂಜಲ, ದನ ತಿಂದು ಬಿಟ್ಟ ಹುಲ್ಲು, ಒಲೆಯ ಬೂದಿ, ಅಂಗಳ ಗುಡಿಸಿದ್ದು ಎಲ್ಲ ಅಲ್ಲಿಗೆ. ಮಲೆನಾಡಿನಲ್ಲಿ ಕೊಟ್ಟಿಗೆಗೆ ಹಸಿ ಸೊಪ್ಪು, ದರಕು ಹಾಸಿ, ದನ ತುಳಿದು ಮೆತ್ತಗಾದದ್ದನ್ನು ಗೊಬ್ಬರದ ಗುಂಡಿಗೆ ಎಳೆಯುತ್ತಿದ್ದರು. ಉತ್ತರ ಕನ್ನಡದ ಅಡಿಕೆ ತೋಟಗಳಿಗಂತೂ ಇದಕ್ಕೆಂದೇ ಸೊಪ್ಪಿನ ಬೆಟ್ಟಗಳಿವೆ. ದೀಪಾವಳಿಯ ಪಾಡ್ಯದಂದು ಸಗಣಿಯ ಉಂಡೆಗೆ ಚೆಂಡುಹೂವು ಸಿಕ್ಕಿಸಿ ತಿಪ್ಪೆಯ ಮೇಲೂ ಇಟ್ಟು ಕೈಮುಗಿಯುವ ಊರುಗಳಿವೆ. ಬೈಗುಳದಲ್ಲಿ ಕೀಳಾದ ತಿಪ್ಪೆ, ಹಬ್ಬದಲ್ಲಿ ಲಕ್ಷ್ಮಿ. ಅದಕ್ಕೆ ಬೇಕಾದದ್ದು ಹಿತ್ತಲು ಮತ್ತು ದನ. ಎರಡೂ ಇಲ್ಲದ ಮೂರನೆಯ ಮಹಡಿಯ ಮನೆಯಲ್ಲಿ ಏನು ಮಾಡುವುದು?

ಊರಾಚೆ ಜಾಗ ಮುಗಿದಾಗ

ಬಹುಕಾಲ ಈ ಪ್ರಶ್ನೆಯನ್ನು ನಗರ ಕೇಳಿಕೊಳ್ಳಲೇ ಇಲ್ಲ. ಊರ ಕಸದಿಂದ ಗೊಬ್ಬರ ಮಾಡಲು ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ 1975ರಲ್ಲೇ ಹುಟ್ಟಿತ್ತು. ಆದರೆ ಊರು ಬೆಳೆದ ವೇಗಕ್ಕೆ, ಕಸ ಬೆರೆತ ರೀತಿಗೆ ಒಂದು ನಿಗಮ ಯಾವ ಮೂಲೆಗೆ? ಹಸಿ ಕಸ, ಪ್ಲಾಸ್ಟಿಕ್, ಗಾಜು, ಡೈಪರ್ ಎಲ್ಲ ಒಂದೇ ಲಾರಿ ಹತ್ತಿ ಊರಾಚೆಯ ಮಾವಳ್ಳಿಪುರ, ಮಂಡೂರುಗಳ ಕಸದ ಗುಂಡಿಗೆ ಹೋಗುತ್ತಿದ್ದವು. ಸುತ್ತಲಿನ ಹಳ್ಳಿಗರ ಬಾವಿ ನೀರು ಕೆಟ್ಟು, ನೊಣ ಮುತ್ತಿ, ಪ್ರತಿಭಟನೆ ಎದ್ದು 2012ರಲ್ಲಿ ಮಾವಳ್ಳಿಪುರ, 2014ರ ಕೊನೆಗೆ ಮಂಡೂರು ಬಾಗಿಲು ಹಾಕಿದವು. ಬೀದಿ ಬೀದಿಯಲ್ಲಿ ಕಸದ ಗುಡ್ಡೆ ಎದ್ದ ಆ ದಿನಗಳನ್ನು ಬೆಂಗಳೂರು ಮರೆತಿಲ್ಲ. ಹೈಕೋರ್ಟ್ ಆದೇಶಗಳು ಬಂದವು. ಹಸಿ ಕಸ, ಒಣ ಕಸ, ಸ್ಯಾನಿಟರಿ ಕಸ ಎಂದು ಮನೆಯಲ್ಲೇ ಬೇರೆ ಮಾಡುವುದು ಕಡ್ಡಾಯವಾಯಿತು.

ಅಷ್ಟರಲ್ಲಿ ಒಂದು ಸಣ್ಣ ಕೆಲಸ ಸದ್ದಿಲ್ಲದೆ ಶುರುವಾಗಿತ್ತು. ವಿನ್ಯಾಸಕಿ ಪೂನಂ ಬೀರ್ ಕಸ್ತೂರಿ 2006ರಲ್ಲಿ ‘ಡೈಲಿ ಡಂಪ್’ ಆರಂಭಿಸಿ, ಒಂದರ ಮೇಲೊಂದು ಕೂರುವ ಮೂರು ಸುಟ್ಟ ಮಣ್ಣಿನ ಮಡಕೆಗಳ ‘ಕಂಬ’ವನ್ನು ಬೆಂಗಳೂರಿನ ಬಾಲ್ಕನಿಗಳಿಗೆ ತಂದರು. ಅದರ ಜಾಣ್ಮೆ ಎರಡು ಕಡೆ ಇದೆ. ಒಂದು, ಮಣ್ಣಿನ ಗೋಡೆ ತೇವವನ್ನು ಹೀರಿ ಹೊರಗೆ ಬಿಡುತ್ತದೆ. ಇನ್ನೊಂದು, ನೋಡಲು ಚೆಂದವಾಗಿರುವುದರಿಂದ ಕಸದ ಡಬ್ಬಿಯನ್ನು ಬಾಗಿಲ ಮುಂದೆ ಇಡಲು ಯಾರಿಗೂ ಮುಜುಗರವಾಗುವುದಿಲ್ಲ.

ಮಡಕೆಯ ಒಳಗೆ

ಅಡುಗೆಮನೆಯ ಹಸಿ ಕಸದಲ್ಲಿ ಮುಕ್ಕಾಲು ಪಾಲು ನೀರು. ಈ ಕಸುಬಿನ ಕಷ್ಟ, ಸುಖ ಎರಡೂ ಈ ಒಂದು ಸಂಗತಿಯಿಂದಲೇ ಹುಟ್ಟುತ್ತವೆ. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಸಾರಜನಕ ಒಂದು ಪಾಲಿದ್ದರೆ ಇಂಗಾಲ 30 ಪಾಲಿನ ಆಸುಪಾಸು ಬೇಕು. ತರಕಾರಿ ಸಿಪ್ಪೆಯಲ್ಲಿ ಸಾರಜನಕ ಹೆಚ್ಚು, ಇಂಗಾಲ ಸಾಲದು. ಒಣಗಿದ ಎಲೆ, ಮರದ ಹೊಟ್ಟು, ತೆಂಗಿನ ನಾರಿನ ಪುಡಿಗಳಲ್ಲಿ ಇಂಗಾಲ ಧಾರಾಳ. ಆದ್ದರಿಂದ ಲೆಕ್ಕ ಸರಳ: ಎಷ್ಟು ಹಸಿಯೋ ಅಷ್ಟೇ ಅಳತೆಯ ಒಣದು, ಮಳೆಗಾಲದಲ್ಲಿ ಅದಕ್ಕೂ ಒಂದು ಹಿಡಿ ಜಾಸ್ತಿ.

ಮಡಕೆಯ ಪಕ್ಕದಲ್ಲಿ ತೂತು ಇರಬೇಕು, ತಳದಲ್ಲಿ ನೀರು ಇಳಿಯಲು ದಾರಿ ಇರಬೇಕು. ಕಂಬ ಕೊಳ್ಳಲೇಬೇಕೆಂದಿಲ್ಲ, ಹಳೆಯ ಪೇಂಟ್ ಬಕೆಟ್ಟಿಗೆ ಕಾಯಿಸಿದ ಮೊಳೆಯಿಂದ ತೂತು ಹಾಕಿದರೂ ಕೆಲಸ ನಡೆಯುತ್ತದೆ. ತಳಕ್ಕೆ ಹರಿದ ಕಾಗದ, ತೆಂಗಿನ ನಾರು. ಅದರ ಮೇಲೆ ದಿನದ ಸಿಪ್ಪೆ, ಕಾಫಿ ಚರಟ, ಟೀ ಸೊಪ್ಪು, ಬಾಡಿದ ಹೂವು. ಅದರ ಮೇಲೆ ಪುಡಿ ಮಾಡಿದ ತರಗೆಲೆ. ಮೊದಲ ಸಲ ಒಂದು ಹಿಡಿ ಹಳೆಯ ಗೊಬ್ಬರವನ್ನೋ ಸಗಣಿ ನೀರನ್ನೋ ಹುಳಿ ಮಜ್ಜಿಗೆಯನ್ನೋ ಹಾಕುವುದು ಹಾಲಿಗೆ ಹೆಪ್ಪು ಬಿಟ್ಟ ಹಾಗೆ; ಆಮೇಲೆ ಆ ಮಡಕೆಯ ಗೊಬ್ಬರವೇ ಮುಂದಿನದಕ್ಕೆ ಹೆಪ್ಪು. ಎರಡು ಮೂರು ದಿನಕ್ಕೊಮ್ಮೆ ಕೋಲಿನಿಂದ ಕೆದಕಬೇಕು. ಮೇಲಿನ ಮಡಕೆ ತುಂಬಿದಾಗ ಅದನ್ನು ಕೆಳಕ್ಕಿಳಿಸಿ, ಖಾಲಿಯದನ್ನು ಮೇಲೇರಿಸುವುದು. ತುಂಬಿದ್ದು ಎರಡು ಮೂರು ತಿಂಗಳಲ್ಲಿ ಕಪ್ಪಾಗಿ, ಉದುರುದುರಾಗಿ, ಕಾಲು ಭಾಗಕ್ಕೆ ಕುಸಿದಿರುತ್ತದೆ. ಜರಡಿ ಹಿಡಿದು, ಉಳಿದ ಗಟ್ಟಿ ತುಂಡುಗಳನ್ನು ಮತ್ತೆ ಮೇಲಿನ ಮಡಕೆಗೆ ಹಾಕಿದರಾಯಿತು.

ಹದ ಕಂಡುಹಿಡಿಯಲು ಯಂತ್ರ ಬೇಡ. ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಹಿಂಡಬೇಕು. ನೀರು ಸುರಿದರೆ ಹಸಿ ಹೆಚ್ಚು. ಕೈ ಬಿಟ್ಟೊಡನೆ ಪುಡಿಯಾದರೆ ಒಣಗಿದೆ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಮಾತ್ರ ಇಣುಕಿದರೆ ಸರಿಯಾಗಿದೆ. ಮೂಗು ಕೂಡ ಒಳ್ಳೆಯ ಸಲಹೆಗಾರ: ಹುಳಿ ವಾಸನೆ, ಅಮೋನಿಯಾದ ಘಾಟು ಬಂದರೆ ಒಣ ಎಲೆ ಹಾಕಿ ಕೆದಕಿ, ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಗೊಬ್ಬರ ಆಗಿದೆ. ಇರುವೆ ಮುತ್ತಿದರೆ ನೀರು ಚಿಮುಕಿಸಬೇಕು, ನುಸಿ ಎದ್ದರೆ ಮೇಲೊಂದು ಪದರ ಎಲೆ ಮುಚ್ಚಬೇಕು.

ಹೊಸಬರು ಹೆದರಿ ಕೈಬಿಡುವುದು ಬಹುಪಾಲು ಹುಳ ಕಂಡಾಗ. ಬೂದು ಬಣ್ಣದ, ಅಕ್ಕಿ ಕಾಳಿಗಿಂತ ದೊಡ್ಡ, ಒರಟು ಮೈಯ ಆ ಮರಿಗಳು ಸಾಮಾನ್ಯವಾಗಿ ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದವು. ಕಚ್ಚುವುದಿಲ್ಲ, ರೋಗ ಹರಡುವುದಿಲ್ಲ, ಸಿಪ್ಪೆಯನ್ನು ಯಾರಿಗಿಂತಲೂ ಬೇಗ ಮುಕ್ಕುತ್ತವೆ. ಕೆಲವರು ಬೇಕೆಂದೇ ಸಾಕುತ್ತಾರೆ. ನೋಡಲಾಗದವರು ಒಣ ಎಲೆ ಹೆಚ್ಚಿಸಿದರೆ ಸಾಕು, ತೇವ ಇಳಿದ ಹಾಗೆ ಅವೂ ಜಾಗ ಖಾಲಿ ಮಾಡುತ್ತವೆ. ಮಡಕೆಯೊಳಗೆ ನಿಜವಾಗಿ ಬೇಡದ್ದು ಮಾಂಸದ ಚೂರು, ಜಿಡ್ಡಿನ ಪದಾರ್ಥ, ಸಾಂಬಾರು ಕಲಸಿದ ಅನ್ನ. ತೆಂಗಿನ ಚಿಪ್ಪು, ಮಾವಿನ ವಾಟೆ ವರ್ಷವಾದರೂ ಕರಗುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಮನೆ ತುಂಬುವ ಅವರೆಕಾಯಿ ಸಿಪ್ಪೆಯನ್ನು ಒಂದು ದಿನ ಬಿಸಿಲಿಗೆ ಹರವಿ ಹಾಕಿದರೆ ಮಡಕೆ ಅಜೀರ್ಣವಿಲ್ಲದೆ ತಿನ್ನುತ್ತದೆ.

ದುಡ್ಡು ಬೀಳದ ತೋಟ

ಗೊಬ್ಬರ ತಯಾರಾದ ಮೇಲೆ ತೋಟ ತಾನಾಗಿಯೇ ಹುಟ್ಟುತ್ತದೆ, ಅದೂ ಅಕ್ಷರಶಃ. ದೊಡ್ಡ ರಾಶಿ ಒಳಗೊಳಗೇ 55ರಿಂದ 60 ಡಿಗ್ರಿಯವರೆಗೆ ಕಾಯುತ್ತದೆ, ಬೀಜಗಳು ಸಾಯುತ್ತವೆ. ಸಣ್ಣ ಮಡಕೆ ಅಷ್ಟು ಕಾಯುವುದಿಲ್ಲ. ಹಾಗಾಗಿ ಅದರ ಗೊಬ್ಬರ ಹಾಕಿದ ಕುಂಡದಲ್ಲಿ ಕೇಳದೆಯೇ ಟೊಮೆಟೊ, ಕುಂಬಳ, ಮೆಣಸಿನ ಸಸಿಗಳು ಏಳುತ್ತವೆ. ಕಿತ್ತೆಸೆಯದೆ ಬೇರೆ ಕುಂಡಕ್ಕೆ ನೆಟ್ಟವರಿಗೆ ನರ್ಸರಿಯ ಖರ್ಚು ಉಳಿಯುತ್ತದೆ.

ಮಣ್ಣು, ಗೊಬ್ಬರ, ತೆಂಗಿನ ನಾರಿನ ಪುಡಿ ಮೂರನ್ನೂ ಸಮಸಮ ಬೆರೆಸುವುದು ತಾರಸಿ ತೋಟದವರ ರೂಢಿ. ಇದಕ್ಕೆ ಕಾರಣ ಭಾರವೂ ಹೌದು: 20 ಲೀಟರಿನ ಬಕೆಟ್ಟಿಗೆ ಬರೀ ಮಣ್ಣು ತುಂಬಿ ನೀರು ಹಾಕಿದರೆ 30 ಕಿಲೋ ಮೀರುತ್ತದೆ. ಅಂಥವನ್ನು ತಾರಸಿಯ ನಡುವೆ ಗುಂಪಾಗಿ ಇಡದೆ ಗೋಡೆ, ತೊಲೆಗಳ ಮೇಲೆ ಭಾರ ಬೀಳುವಂತೆ ಅಂಚಿಗೆ ಜೋಡಿಸಬೇಕು. ಬಕೆಟ್ಟಿನ ತಳಕ್ಕೆ ಎಳನೀರಿನ ಬುರುಡೆಯ ಚೂರು ಹಾಕಿದರೆ ಅದು ನೀರು ಕುಡಿದಿಟ್ಟುಕೊಂಡು ಬಿಸಿಲಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ.

ಬೀಜಕ್ಕೆ ಅಂಗಡಿಗೆ ಹೋಗಬೇಕಿಲ್ಲ, ಸಾಂಬಾರ ಪದಾರ್ಥದ ಡಬ್ಬಿ ಸಾಕು. ಮೆಂತ್ಯವನ್ನು ಒಂದು ರಾತ್ರಿ ನೆನೆಸಿ ಚೆಲ್ಲಿದರೆ ಮೂರು ನಾಲ್ಕು ವಾರಕ್ಕೆ ಸೊಪ್ಪು. ಧನಿಯವನ್ನು ಎರಡು ಹೋಳಾಗುವಂತೆ ಮೆಲ್ಲಗೆ ಉಜ್ಜಿ ಹಾಕಬೇಕು. ಪುದಿನದ ಕಡ್ಡಿ, ಬಸಳೆಯ ಕಾಂಡ, ದೊಡ್ಡಪತ್ರೆಯ ಟಿಸಿಲು ಚುಚ್ಚಿದಲ್ಲೇ ಬೇರು ಬಿಡುತ್ತವೆ. ಅಕ್ಕಿ, ಬೇಳೆ ತೊಳೆದ ನೀರು ಹಿಂದೆ ಕಲಗಚ್ಚಿನ ಬಾನಿ ಸೇರಿ ದನಕ್ಕೆ ಹೋಗುತ್ತಿತ್ತು. ಈಗ ನೇರ ಕುಂಡಕ್ಕೆ ಹೋಗಲಿ. ಎಲೆಗೆ ಹೇನು ಹತ್ತಿದರೆ ಒಂದು ಲೀಟರ್ ನೀರಿಗೆ ಒಂದು ಚಮಚ ಬೇವಿನ ಎಣ್ಣೆ. ಎಣ್ಣೆ ನೀರಿನಲ್ಲಿ ಬೆರೆಯಲು ಅಂಟುವಾಳದ ನೊರೆ. ಸಂಜೆ ಹೊತ್ತು ಸಿಂಪಡಿಸಬೇಕು, ಬಿಸಿಲಲ್ಲಿ ಎಲೆ ಸುಡುತ್ತದೆ. ಜಾಗವಿದ್ದರೆ ತುಪ್ಪದ ಹೀರೆಯ ಒಂದು ಬಳ್ಳಿ: ಎಳೆಯದು ಪಲ್ಯಕ್ಕೆ, ಬಲಿತು ಒಣಗಿದ್ದರ ನಾರು ಮೈ ಉಜ್ಜಲು, ಪಾತ್ರೆ ತಿಕ್ಕಲು, ಒಳಗಿನ ಬೀಜ ಮುಂದಿನ ವರ್ಷಕ್ಕೆ.

ನಂಬಬಹುದಾದದ್ದು, ಅಷ್ಟಾಗಿ ನಂಬಬಾರದ್ದು

ಮಿತವ್ಯಯದ ಉಪಾಯಗಳಿಗೆ ಈಗ ಬರವಿಲ್ಲ. ಎಲ್ಲವೂ ಹೇಳುವಷ್ಟು ಕೆಲಸ ಮಾಡುವುದಿಲ್ಲ. ಮೊಟ್ಟೆ ಚಿಪ್ಪನ್ನು ಮುರಿದು ಬುಡಕ್ಕೆ ಹಾಕಿದರೆ ಸುಣ್ಣದ ಅಂಶ ಕೂಡಲೇ ಸಿಗದು; ನುಣ್ಣಗೆ ಅರೆದು ಗೊಬ್ಬರದಲ್ಲಿ ಬೆರೆಸಿದರೆ ನಿಧಾನವಾಗಿ ಒದಗುತ್ತದೆ. ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರಿಗಿಂತ ಅದೇ ಸಿಪ್ಪೆ ಮಡಕೆಗೆ ಬಿದ್ದರೆ ಗಿಡಕ್ಕೆ ಲಾಭ ಹೆಚ್ಚು.

ನಿಂಬೆ, ಮೂಸಂಬಿ, ಕಿತ್ತಳೆ ಸಿಪ್ಪೆಗಳಿಂದ ಮಾಡುವ ಬಯೋ ಎಂಜೈಮ್ ಮಾತ್ರ ಮಾಡಿ ನೋಡುವಂಥದ್ದು. ಬೆಲ್ಲ ಒಂದು ಪಾಲು, ಸಿಪ್ಪೆ ಮೂರು ಪಾಲು, ನೀರು ಹತ್ತು ಪಾಲು. ಪ್ಲಾಸ್ಟಿಕ್ ಬಾಟಲಿಯಲ್ಲಿ ಮೇಲೆ ಸ್ವಲ್ಪ ಜಾಗ ಬಿಟ್ಟು ಮೂರು ತಿಂಗಳು. ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ ಗ್ಯಾಸ್ ಬಿಡಬೇಕು. ಗಾಜಿನ ಸೀಸೆಯಾದರೆ ಒಡೆಯುವ ಭಯ. ಸೋಸಿ, ನೀರು ಬೆರೆಸಿ ನೆಲ ಒರೆಸಲು, ಸಿಂಕ್ ತೊಳೆಯಲು ಚೆನ್ನಾಗಿದೆ. ಆದರೆ ಇದು ಹುಳಿ ದ್ರಾವಣ. ಅಮೃತಶಿಲೆಯ ಹೊಳಪು ತೆಗೆಯುತ್ತದೆ, ಬ್ಲೀಚಿನ ಜೊತೆ ಎಂದೂ ಸೇರಿಸಬಾರದು. ಕಾಯಿಲೆಯವರಿರುವ ಮನೆಯಲ್ಲಿ ರೋಗಾಣು ಕೊಲ್ಲುವ ಔಷಧವೆಂದು ಇದನ್ನೇ ನೆಚ್ಚಿಕೊಳ್ಳುವುದೂ ತಪ್ಪು.

ಇನ್ನೊಂದು ಎಚ್ಚರಿಕೆ ಜೇಬಿನದು. ಪರಿಸರದ ಹೆಸರಿನಲ್ಲಿ ಬಣ್ಣಬಣ್ಣದ ಗ್ರೋ ಬ್ಯಾಗು, ಡಬ್ಬಿಗಟ್ಟಿದ ಸೂಕ್ಷ್ಮಜೀವಿ, ಸ್ಟ್ಯಾಂಡು, ಕೈಗವಸು ಎಂದು ಕೊಳ್ಳುತ್ತಾ ಹೋದರೆ ಒಂದು ಕಟ್ಟು ಹರಿವೆ ಸೊಪ್ಪು ಚಿನ್ನದ ಬೆಲೆಗೆ ಬಿದ್ದೀತು. ಮನೆಯಲ್ಲಿ ಈಗಾಗಲೇ ಇರುವುದನ್ನು ಬಳಸಿ ಮುಗಿಸುವುದೇ ಈ ಕಸುಬಿನ ಉಳಿತಾಯ.

ಕಲಿಯಲು ಎಲ್ಲಿ ಹೋಗುವುದು

ಓದಿ ತಿಳಿಯುವುದಕ್ಕಿಂತ ಕಣ್ಣಾರೆ ನೋಡುವುದು ಲೇಸು ಎನ್ನುವವರಿಗೆ ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟಿನಲ್ಲಿ ಸ್ವಚ್ಛಾಗ್ರಹ ಕಲಿಕಾ ಕೇಂದ್ರವಿದೆ. ಮಡಕೆ, ಡ್ರಮ್ಮು, ತಂತಿ ಬಲೆಯ ಎಲೆಗೂಡು ಎಂದು ಗೊಬ್ಬರದ ಬಗೆಬಗೆಯ ಸಲಕರಣೆಗಳನ್ನು ಅಲ್ಲಿ ಕೈಯಿಟ್ಟು ನೋಡಬಹುದು. ತೋಟದ ಕಡೆಗೆ ಒಲವಿರುವವರಿಗೆ ಗಾರ್ಡನ್ ಸಿಟಿ ಫಾರ್ಮರ್ಸ್ 2011ರಿಂದ ನಗರದ ಬೇರೆ ಬೇರೆ ಬಡಾವಣೆಗಳಲ್ಲಿ ನಡೆಸಿಕೊಂಡು ಬಂದ ‘ಊಟ ಫ್ರಮ್ ಯುವರ್ ತೋಟ’ ಮೇಳ ಹೆಸರುವಾಸಿ. ಬೀಜ ವಿನಿಮಯ, ಸಸಿ ಮಾರಾಟ, ಉಪನ್ಯಾಸ ಎಲ್ಲ ಅಲ್ಲಿ ಒಂದೇ ಚಪ್ಪರದಡಿ. ತಾರಸಿ ತೋಟವೆಂದರೆ ಚಾವಣಿ ಸೋರುತ್ತದೆ ಎಂದು ಜನ ಹಿಂಜರಿಯುತ್ತಿದ್ದ ಕಾಲದಿಂದ ತರಬೇತಿ ನೀಡಿದ ಡಾ. ಬಿ.ಎನ್. ವಿಶ್ವನಾಥ್ ಅವರ ಹೆಸರನ್ನು ಇಲ್ಲಿನ ತೋಟಗಾರರು ಗೌರವದಿಂದ ನೆನೆಯುತ್ತಾರೆ.

ಮನೆಗೊಂದು ಮಡಕೆ ಇಟ್ಟ ಮಾತ್ರಕ್ಕೆ ಊರಿನ ಕಸದ ಸಮಸ್ಯೆ ಬಗೆಹರಿಯದು. ಹೋಟೆಲು, ಛತ್ರ, ಮಾರುಕಟ್ಟೆಗಳ ಹೊರೆ ಮನೆಯ ಮಡಕೆಗೆ ನಿಲುಕುವಂಥದ್ದಲ್ಲ. ಆದರೆ ಒಂದು ಮನೆಯ ಅರ್ಧ, ಒಂದು ಕಿಲೋ ಹಸಿ ಕಸ ಲಾರಿ ಹತ್ತದೆ ನಿಂತರೆ ಉಳಿದ ಒಣ ಕಸ ಶುಚಿಯಾಗಿ ಉಳಿಯುತ್ತದೆ, ಅದನ್ನು ಆಯುವ ಕೈಗಳಿಗೆ ಕೊಳೆ ತಾಗುವುದಿಲ್ಲ. ಶುರು ಮಾಡಬೇಕೆನ್ನುವವರು ಫೆಬ್ರುವರಿ, ಮಾರ್ಚಿನಲ್ಲಿ ಬೀದಿಯ ಹೊಂಗೆ, ಮಳೆಮರಗಳ ಕೆಳಗೆ ನೋಡಿ. ಗುಡಿಸಿ ಗುಡ್ಡೆ ಹಾಕಿದ, ಬೆಂಕಿ ಬೀಳುವ ಭಯದಲ್ಲಿರುವ ತರಗೆಲೆ ಅಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ನಾಲ್ಕೈದು ಗೋಣಿಚೀಲ ತುಂಬಿ ಮಳೆ ತಾಗದ ಮೂಲೆಯಲ್ಲಿಟ್ಟರೆ ಮಳೆಗಾಲದ ಚಿಂತೆ ಇಲ್ಲ. ಮಡಕೆಯನ್ನು ಆಮೇಲೆ ಕೊಳ್ಳಬಹುದು.