ಹಿತ್ತಲಿನ ಹೇಂಟೆ, ಮನೆಯವರ ಮೊಟ್ಟೆ ದುಡ್ಡು

ಇಂಟರ್‌ಲಾಕ್ ಹಾಕದ ಒಂದು ತುಂಡು ಹಿತ್ತಲು ನಿಮ್ಮಲ್ಲಿ ಇನ್ನೂ ಉಳಿದಿದೆಯಾ? ನಾಲ್ಕು ತೆಂಗಿನ ಮರ, ಒಂದು ಬಾಳೆಬುಡ, ಪಾತ್ರೆ ತೊಳೆದ ನೀರು ಹರಿಯುವ ಒಂದು ಮೂಲೆ ಉಂಟಾದರೆ ಐದಾರು ಊರ ಕೋಳಿ ಸಾಕಲು ಅಷ್ಟು ಧಾರಾಳ ಸಾಕು. ಒಂದು ಕಾಲಕ್ಕೆ ನಮ್ಮ ಬ್ಯಾರಿ ಮನೆಗಳಲ್ಲಿ ಕೋಳಿಗೂಡು ಇಲ್ಲದ ಹಿತ್ತಲು ಅಪರೂಪ. ಮಗ್ರಿಬ್ ಹೊತ್ತಿಗೆ ನೆಂಟರು ಬಂದರೆ ಉಮ್ಮಂದಿರಿಗೆ ಗಾಬರಿ ಇರಲಿಲ್ಲ. ಗೂಡಿನಲ್ಲಿ ಹುಂಜ ಇತ್ತು, ಡಬ್ಬಿಯಲ್ಲಿ ಅಕ್ಕಿ ಇತ್ತು. ಈಗ ಅಂಗಳಕ್ಕೂ ಹಿತ್ತಲಿಗೂ ಸಿಮೆಂಟ್ ಬಿದ್ದಿದೆ, ಕೋಳಿ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಮನೆಗೆ ಬರುತ್ತದೆ.

ಆದರೂ ಕೋಳಿ ಸಾಕುವವರು ಇದ್ದಾರೆ, ನಾವೂ ಸಾಕ್ತೇವೆ. ಇದರಲ್ಲಿ ಏನು ಸಿಗ್ತದೆ ಉಸ್ತಾದರೇ ಅಂತ ಕೇಳುವವರಿಗೆ ಮೊದಲು ಲೆಕ್ಕವನ್ನೇ ಹೇಳಿಬಿಡುತ್ತೇವೆ. ಊರ ಹೇಂಟೆ ಐದಾರು ತಿಂಗಳಿಗೆ ಮೊಟ್ಟೆಗೆ ಬರುತ್ತದೆ. ಒಂದು ಸಲಕ್ಕೆ 12ರಿಂದ 15 ಮೊಟ್ಟೆ ಇಟ್ಟು ಕಾವಿಗೆ ಕೂರುತ್ತದೆ. ವರ್ಷಕ್ಕೆ 50ರಿಂದ 70 ಮೊಟ್ಟೆ, ಅಷ್ಟೆ. ಫಾರ್ಮಿನ ಕೋಳಿ 300 ಇಡುವುದಿಲ್ಲವಾ ಅಂದರೆ, ಇಡುತ್ತದೆ. ಆದರೆ ಅದಕ್ಕೆ ಚೀಲದ ಆಹಾರವೇ ಬೇಕು, ಅದು ಕಾವಿಗೆ ಕೂರುವುದೂ ಇಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ ತಯಾರಾದ ಗಿರಿರಾಜ, ಸ್ವರ್ಣಧಾರ ತಳಿಗಳು ಹಿತ್ತಲಿಗೂ ಒಗ್ಗುತ್ತವೆ. ಮೊಟ್ಟೆಯೂ ತೂಕವೂ ಹೆಚ್ಚು. ಮರಿ ಮಾಡಿಸಬೇಕಾದರೆ ಮಾತ್ರ ಅವುಗಳ ಮೊಟ್ಟೆಯನ್ನೂ ಊರ ಹೇಂಟೆಯ ಅಡಿಯಲ್ಲೇ ಇಡಬೇಕು.

ಊರ ಕೋಳಿಯ ಖರ್ಚು ಎಂಥದು? ಬೆಳಿಗ್ಗೆ ಒಂದು ಹಿಡಿ ಕಡಿಯಕ್ಕಿ, ಮಧ್ಯಾಹ್ನ ತವುಡು ಕಲಸಿದ ಗಂಜಿ ತಿಳಿ, ಮೀನು ಹೆಚ್ಚಿದ ತಲೆ-ಬಾಲ. ಮರುವಾಯಿ ತಿಂದ ದಿನ ಚಿಪ್ಪನ್ನು ಬಿಸಾಡದೆ ಕುಟ್ಟಿ ಹಾಕಿದರೆ ಮೊಟ್ಟೆಯ ಸಿಪ್ಪೆ ಗಟ್ಟಿಯಾಗುತ್ತದೆ. ಉಳಿದದ್ದನ್ನು ಅದು ಮಣ್ಣು ಕೆದರಿ ತಾನೇ ಹುಡುಕುತ್ತದೆ. ಐದು ಹೇಂಟೆ ಇದ್ದರೆ ವರ್ಷಕ್ಕೆ 300ರ ಹತ್ತಿರ ಮೊಟ್ಟೆ. ಅರ್ಧ ಮನೆಗೆ ಮತ್ತು ಮರಿಗೆ ಹೋದರೂ ಉಳಿದರ್ಧ ಮಾರಬಹುದು. ಊರ ಮೊಟ್ಟೆಗೆ ಅಂಗಡಿಯ ಬಿಳಿ ಮೊಟ್ಟೆಯ ದುಪ್ಪಟ್ಟು ಕ್ರಯ ಕೊಟ್ಟು ಒಯ್ಯುವವರು ಇದ್ದಾರೆ.

ನಮ್ಮ ಮನೆಯಲ್ಲಿ ಈ ದುಡ್ಡಿಗೆ ನಾವು ಕೈ ಹಾಕುವ ಕ್ರಮ ಇಲ್ಲ. ಅದು ಮನೆಯವರದ್ದು. ಅಡುಗೆಕೋಣೆಯಲ್ಲಿ ಮೆಣಸಿನ ಡಬ್ಬಿಯ ಹಿಂದೆ ಒಂದು ಸಣ್ಣ ಸ್ಟೀಲ್ ಡಬ್ಬಿ ಇದೆ, ಮೊಟ್ಟೆಯ ದುಡ್ಡು ಅದರಲ್ಲಿ. ಮಗಳ ನೋಟ್‌ಬುಕ್ಕು, ತವರಿಗೆ ಹೋಗುವಾಗ ಬಸ್ಸಿನ ಖರ್ಚು, ಯಾರದ್ದಾದರೂ ಮದುವೆಗೆ ಕವರ್, ಎಲ್ಲ ಅದರಿಂದ ಹೊರಡುತ್ತದೆ. ಗಂಡನ ಹತ್ತಿರ ಕೈ ಚಾಚಬೇಕಾಗಿಲ್ಲ. ಹೆಣ್ಣು ದುಡಿದದ್ದು ಹೆಣ್ಣಿಗೆ ಸೇರಿದ್ದು ಎಂದು ನಮ್ಮ ದೀನ್ ಎಂದೋ ಹೇಳಿದೆ. ಆ ಮಾತು ಹಿತ್ತಲಿನ ಗೂಡಿನಲ್ಲಿ ಜಾರಿಗೆ ಬರುವುದನ್ನು ನೋಡುವುದೇ ಒಂದು ಖುಷಿ.

ಖುಷಿ ಇನ್ನೂ ಉಂಟು. ಕಾವಿಗೆ ಕೂತ ಹೇಂಟೆಯನ್ನು ಗಮನಿಸಿ ನೋಡಿ. 21 ದಿನ ಅದಕ್ಕೆ ಬೇರೆ ಲೋಕವಿಲ್ಲ. ದಿನಕ್ಕೊಮ್ಮೆ ಎದ್ದು, ನಾಲ್ಕು ಕಾಳು ತಿಂದು, ನೀರು ಕುಡಿದು, ಓಡಿ ಬಂದು ಮತ್ತೆ ಕೂರುತ್ತದೆ. ಮೊಟ್ಟೆಗಳನ್ನು ಕೊಕ್ಕಿನಿಂದ ತಾನೇ ಹೊರಳಿಸುತ್ತದೆ. ಏಳನೇ ರಾತ್ರಿ ಮೊಟ್ಟೆಯನ್ನು ಟಾರ್ಚಿನ ಬೆಳಕಿಗೆ ಹಿಡಿದರೆ ಒಳಗೆ ಕೆಂಪು ನರಗಳು ಜೇಡನ ಬಲೆಯ ಹಾಗೆ ಕಾಣುತ್ತವೆ. ಕಾಣದ ಮೊಟ್ಟೆ ಬರಡು, ತೆಗೆದುಬಿಡಬಹುದು. ಮದ್ರಸದ ಮಕ್ಕಳಿಗೆ ಇದನ್ನು ತೋರಿಸಿದಾಗ ಉಸಿರು ಬಿಗಿ ಹಿಡಿದು ನೋಡ್ತಾರೆ. ಸೃಷ್ಟಿಯ ಬಗ್ಗೆ ಒಂದು ಗಂಟೆ ಪಾಠ ಹೇಳಿದರೂ ಅಷ್ಟು ನಾಟುವುದಿಲ್ಲ.

ಗದ್ದೆ, ತೋಡು ಹತ್ತಿರ ಇರುವವರು ಬಾತುಕೋಳಿ ಸಾಕಬಹುದು. ಊರ ಬಾತು ಕಾವಿಗೆ ಕೂರುವುದು ಕಡಿಮೆ. ಅದರ ಮೊಟ್ಟೆಯನ್ನು ಹೇಂಟೆಯ ಅಡಿಗೆ ಇಟ್ಟರೆ 28 ದಿನಕ್ಕೆ ಮರಿ ಬರುತ್ತದೆ. ಆ ಮರಿಗಳು ಮೊದಲ ಸಲ ನೀರಿಗಿಳಿದಾಗ ಸಾಕಮ್ಮ ಹೇಂಟೆ ದಡದಲ್ಲಿ ಬೊಬ್ಬೆ ಹೊಡೆಯುತ್ತಾ ಓಡಾಡುವುದನ್ನು ನೋಡಬೇಕು ಮಾರಾಯ್ರೆ, ಮಕ್ಕಳಿಗೆ ನಗು ತಡೆಯುವುದಿಲ್ಲ. ಗಿನಿ ಕೋಳಿಯನ್ನೂ ಕೆಲವರು ಇಡ್ತಾರೆ. ಹೊಸಬರು ಗೇಟಿನೊಳಗೆ ಕಾಲಿಟ್ಟರೆ ಅದರ ಗಲಾಟೆ ನಾಯಿಗಿಂತ ಜೋರು. ಆದರೆ ಕಾಡುಕೋಳಿಯ ಮರಿ, ನವಿಲಿನ ಮೊಟ್ಟೆ ಸಿಕ್ಕಿತು ಅಂತ ಯಾರೂ ಮನೆಗೆ ತರಬೇಡಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅವುಗಳಿಗೆ ರಕ್ಷಣೆ ಇದೆ.

ಇನ್ನು ಕಷ್ಟದ ಮಾತು. ಕೆಲವು ವರ್ಷದ ಹಿಂದೆ ನಮ್ಮ ಬೀದಿಯ ಗೂಡುಗಳೆಲ್ಲ ಹತ್ತೇ ದಿನದಲ್ಲಿ ಖಾಲಿಯಾದವು. ಕಡಿಮೆ ಕ್ರಯಕ್ಕೆ ಸಿಕ್ಕಿತು ಅಂತ ಸಂತೆಯಿಂದ ಬಂದ ಎರಡು ಹೇಂಟೆ ಮೊದಲು ತೂಕಡಿಸಿದವು. ಆಮೇಲೆ ಹಸಿರು ಭೇದಿ, ಬಾಯಿ ತೆರೆದು ಉಸಿರಾಟ, ಕತ್ತು ತಿರುಚಿಕೊಂಡು ಬೀಳುವುದು. ನಮ್ಮ ಕಡೆ ಕೊಕ್ಕರೆ ರೋಗ ಅಂತಾರೆ, ಪಶುವೈದ್ಯರು ರಾಣಿಖೇತ್ ಅಂತಾರೆ. ಒಮ್ಮೆ ಬಂದರೆ ಮದ್ದಿಲ್ಲ. ಬೀದಿಯ ಕೊನೆಯ ಮನೆಯಲ್ಲಿ ಒಬ್ಬರು ಪ್ರಾಯದ ಉಮ್ಮ ಒಂಟಿಯಾಗಿದ್ದರು, ಗಂಡ ತೀರಿಹೋಗಿ ತುಂಬ ವರ್ಷ. ಅವರ 14 ಕೋಳಿಯೂ ಹೋದವು. ಬೀಪಿ ಮಾತ್ರೆಗೆ ಅವರು ನಂಬಿದ್ದು ಆ ಮೊಟ್ಟೆಗಳನ್ನೇ. ನಮಗೆ ಅದು ನಷ್ಟ, ಅವರಿಗೆ ಅದು ಸಂಬಳ ನಿಂತ ಹಾಗೆ.

ಇಂಥ ಹೊತ್ತಿನಲ್ಲಿ ಕೋಳಿ ತೂಕಡಿಸಲು ಶುರುವಾದ ಕೂಡಲೇ ಪೇಟೆಗೆ ಒಯ್ದು ಮಾರಿಬಿಡುವವರು ಇದ್ದಾರೆ. ಇದು ಸಣ್ಣ ವಿಷಯ ಅಲ್ಲ. ಒದ್ದೆ ಧಾನ್ಯವನ್ನು ಅಡಿಯಲ್ಲಿ ಬಚ್ಚಿಟ್ಟು ಒಣ ಧಾನ್ಯವನ್ನು ಮೇಲೆ ಹಾಕಿದ ವ್ಯಾಪಾರಿಯನ್ನು ಪ್ರವಾದಿಯವರು (ಸ.ಅ.) ಎಷ್ಟು ಕಟುವಾಗಿ ತಿದ್ದಿದರು ಎಂಬುದನ್ನು ನಾವು ಮಕ್ಕಳಿಗೆ ಕಲಿಸ್ತೇವೆ. ರೋಗದ ಕೋಳಿಯನ್ನು ಹೇಳದೆ ಮಾರುವುದೂ ಅದೇ ತಕ್ಕಡಿಯಲ್ಲಿ ತೂಗುವಂಥದ್ದು. ಮಾರಿದವರಿಗೆ ನೂರಿನ್ನೂರು ರೂಪಾಯಿ ಉಳಿಯಬಹುದು, ಇನ್ನೊಂದು ಊರಿನ ಗೂಡು ಖಾಲಿಯಾಗುತ್ತದೆ. ಸತ್ತ ಕೋಳಿಯನ್ನು ತೋಡಿಗೆ ಎಸೆಯಬಾರದು. ಆಳವಾಗಿ ಗುಂಡಿ ತೆಗೆದು ಸುಣ್ಣ ಹಾಕಿ ಮುಚ್ಚಬೇಕು. ಹೊಸ ಕೋಳಿ ತಂದರೆ 15-20 ದಿನ ಬೇರೆಯೇ ಇಟ್ಟು ನೋಡಬೇಕು.

ಇದಕ್ಕೆ ಲಸಿಕೆ ಉಂಟು. ಮರಿಗೆ ಮೊದಲ ವಾರ ಕಣ್ಣಿಗೋ ಮೂಗಿಗೋ ಒಂದು ಹನಿ, ತಿಂಗಳಾಗುವಾಗ ಇನ್ನೊಮ್ಮೆ, 8 ವಾರಕ್ಕೆ ಚುಚ್ಚುಮದ್ದು. ತೊಂದರೆ ಎಲ್ಲಿ ಅಂದರೆ, ಲಸಿಕೆಯ ಬಾಟಲಿ ನೂರು, ಇನ್ನೂರು ಕೋಳಿಯ ಲೆಕ್ಕದಲ್ಲಿ ಬರುತ್ತದೆ. ತಣ್ಣಗೆ ಇಡಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಐದು ಕೋಳಿಯವರು ಒಬ್ಬರೇ ಹೋದರೆ ಆಗುವ ಕೆಲಸ ಅಲ್ಲ. ಆ ನಷ್ಟದ ನಂತರ ನಮ್ಮ ಬೀದಿಯ 11 ಮನೆಯವರು ಸೇರಿ ದಿನ ಗೊತ್ತು ಮಾಡಿದೆವು. ಸುಬುಹಿ ನಮಾಝ್ ಮುಗಿದ ಮೇಲೆ, ಗೂಡಿನ ಬಾಗಿಲು ತೆರೆಯುವ ಮೊದಲು, ಪಶು ಚಿಕಿತ್ಸಾಲಯದವರು ಬಂದು ಮನೆಮನೆಗೆ ಹೋಗಿ ಹಾಕಿದರು. ಇದರಲ್ಲಿ ಬ್ಯಾರಿ ಮನೆಗಳೂ ಇದ್ದವು, ತುಳುವರ ಮನೆಗಳೂ ಇದ್ದವು. ರೋಗ ಬೇಲಿ ನೋಡಿ ಬರುವುದಿಲ್ಲವಲ್ಲ. ನಿಮ್ಮ ಮೊಹಲ್ಲಾದಲ್ಲೂ ಹೀಗೆ ಮಾಡಬಹುದು, ಜಮಾಅತಿನ ಯುವಕರು ಮುಂದೆ ಬಂದರೆ ಒಂದು ಬೆಳಗಿನ ಕೆಲಸ.

ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಜಿಲ್ಲೆ ನಮ್ಮದು. ಗೂಡು ನೆಲದಿಂದ ಎರಡಡಿ ಎತ್ತರ ಇರಲಿ, ಒಳಗೆ ಒಣ ಉಮಿ ಇರಲಿ. ಒದ್ದೆಯಾದ ಕೂಡಲೇ ಬದಲಿಸದಿದ್ದರೆ ಮರಿಗಳಿಗೆ ರಕ್ತಭೇದಿ ಬರುತ್ತದೆ. ಕೋಳಿ ಮಣ್ಣಿನಲ್ಲಿ ಹೊರಳುವುದು ಹೇನು ಕಳೆದುಕೊಳ್ಳಲು. ಮಳೆಗಾಲದಲ್ಲಿ ಒಣ ಮಣ್ಣು ಸಿಗುವುದಿಲ್ಲ, ಸೂರಿನಡಿ ಒಂದು ಪೆಟ್ಟಿಗೆಯಲ್ಲಿ ಬೂದಿ, ಮರಳು ಇಟ್ಟರೆ ಆಯ್ತು. ಕೀರಿ, ಹಾವು, ಗಿಡುಗ, ಬೀದಿನಾಯಿ ಎಲ್ಲಕ್ಕೂ ಕೋಳಿ ಮೇಲೆ ಕಣ್ಣು. ಮಗ್ರಿಬ್ ಬಾಂಗಿಗೆ ಗೂಡಿನ ಬಾಗಿಲು ಹಾಕುವ ಕೆಲಸ ಮಕ್ಕಳಿಗೆ ಕೊಡಿ. ಎಣಿಸಿ ಹಾಕಬೇಕು ಅನ್ನಿ, ಲೆಕ್ಕವೂ ಬರುತ್ತದೆ, ಜವಾಬ್ದಾರಿಯೂ ಬರುತ್ತದೆ.

ಹಿತ್ತಲಲ್ಲಿ ತಿರುಗಿ ಕಂಡದ್ದೆಲ್ಲ ತಿನ್ನುವ ಕೋಳಿಯನ್ನು ಮೂರು ದಿನ ಕಟ್ಟಿಹಾಕಿ ಶುದ್ಧ ಆಹಾರ ಕೊಟ್ಟ ಮೇಲೆ ಕೊಯ್ಯುವುದು ನಮ್ಮ ಹಿರಿಯರ ಕ್ರಮ. ಫಿಕ್ಹ್ ಗ್ರಂಥಗಳಲ್ಲೂ ಈ ಮಾತಿಗೆ ಆಧಾರ ಇದೆ. ಕಟ್ಟಿದ ಕೋಳಿಗೆ ನೀರು ಕೊಡಲು ಮರೆಯಬಾರದು. ಬೆಕ್ಕನ್ನು ಕಟ್ಟಿ ಹಸಿವೆಯಿಂದ ಸಾಯಿಸಿದ ಹೆಂಗಸಿನ ಗತಿ ಏನಾಯಿತು ಎಂಬ ಹದೀಸ್ ಎಲ್ಲರಿಗೂ ಗೊತ್ತಿರುವುದೇ. ಹಾಗೆಯೇ ಹುಂಜವನ್ನು ಬಯ್ಯಬಾರದು, ಅದು ನಮಾಝಿಗೆ ಎಬ್ಬಿಸುತ್ತದೆ ಎಂಬ ಉಪದೇಶವೂ ಇದೆ. ಅಂಕಕ್ಕೆ ಬೇಕು ಅಂತ ಒಳ್ಳೆಯ ಹುಂಜಕ್ಕೆ ಹೆಚ್ಚು ಕ್ರಯ ಹೇಳಿಕೊಂಡು ಬರುವವರಿಗೆ ಕೊಡಬೇಡಿ. ಪ್ರಾಣಿಗಳನ್ನು ಕಾದಾಡಿಸುವುದನ್ನು ನಮ್ಮ ದೀನ್ ತಡೆದಿದೆ.

ಕೊನೆಗೆ ನೆರೆಮನೆಯ ಹಕ್ಕು. ನಮ್ಮ ಕೋಳಿ ಪಕ್ಕದ ಮನೆಯ ಅಕ್ಕನ ಬಸಳೆ ಚಪ್ಪರದ ಬುಡ ಕೆದರಿದರೆ ಅದು ಕೋಳಿಯ ತಪ್ಪಲ್ಲ, ಬೇಲಿಯ ತಪ್ಪು. ನಾಲ್ಕಡಿ ಎತ್ತರಕ್ಕೆ ಹಳೆಯ ಮೀನಿನ ಬಲೆ ಕಟ್ಟಿದರೆ ಸಾಕು, ಜಗಳ ಅಲ್ಲಿಗೇ ಮುಗಿಯಿತು. ಗೂಡಿನ ಗೊಬ್ಬರವನ್ನು ಒಂದೆರಡು ತಿಂಗಳು ಕೊಳೆಸಿ ಆ ಬಸಳೆಗೇ ಕೊಟ್ಟು ನೋಡಿ. ಹೊಸ ಹೇಂಟೆಯ ಮೊದಲ ನಾಲ್ಕು ಮೊಟ್ಟೆ ಬೇಲಿಯಾಚೆ ಹೋಗಲಿ. ಅತ್ತ ಕಡೆಯಿಂದ ಬಸಳೆ ಬರದೆ ಇರುವುದಿಲ್ಲ.