ಕಾಕ್‌ಪಿಟ್‌ಗೂ ಮೊದಲಿನ ಜರಡಿ

ಪೈಲಟ್ ತರಬೇತಿಯ ಆಯ್ಕೆ ಪರೀಕ್ಷೆಗಳ ಸುತ್ತ ದೆಹಲಿಯಲ್ಲಿ ದೊಡ್ಡದೊಂದು ಮಾರುಕಟ್ಟೆ ಬೆಳೆದಿದೆ. ಪರೀಕ್ಷೆ ಎಷ್ಟು ನಿಖರ ಎಂಬ ಪ್ರಶ್ನೆಯಷ್ಟೇ ಮುಖ್ಯವಾದದ್ದು, ಅದು ಯಾವ ಹಂತದಲ್ಲಿ ನಡೆಯುತ್ತದೆ ಎಂಬುದು.

ಸ್ಪರ್ಧಾತ್ಮಕ ಪರೀಕ್ಷೆ ಎಂದರೆ ನಮ್ಮವರಿಗೆ ಧಾರವಾಡವೋ ಬೆಂಗಳೂರಿನ ವಿಜಯನಗರವೋ ನೆನಪಾಗುತ್ತದೆ. ಪೈಲಟ್ ಆಗಬೇಕೆನ್ನುವವರಿಗೆ ಅಂಥ ಊರು ದೆಹಲಿಯ ದ್ವಾರಕಾ. ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಮಗ್ಗುಲಲ್ಲಿರುವ ಈ ಉಪನಗರದ ಸೆಕ್ಟರ್ 7ರ ಸುತ್ತಮುತ್ತ ‘ಗ್ರೌಂಡ್ ಕ್ಲಾಸ್’ ಫಲಕಗಳು ಒಂದರ ಮಗ್ಗುಲಲ್ಲೊಂದು ತೂಗುತ್ತವೆ. ಕೆಳಗೆ ಅಂಗಡಿ, ಮೇಲಿನ ಮಹಡಿಯಲ್ಲಿ ತರಗತಿ, ಪಕ್ಕದ ಗಲ್ಲಿಯಲ್ಲಿ ಪಿ.ಜಿ. ಕೋಣೆ. ಪಿಯುಸಿ ಮುಗಿಸಿ ದೇಶದ ನಾನಾ ಮೂಲೆಗಳಿಂದ ಬಂದವರು ತಿಂಗಳುಗಟ್ಟಲೆ ಇಲ್ಲಿದ್ದು ನ್ಯಾವಿಗೇಷನ್, ಹವಾಮಾನಶಾಸ್ತ್ರ, ವಿಮಾನಯಾನ ನಿಯಮಗಳನ್ನು ಓದುತ್ತಾರೆ. ಗುರುಗ್ರಾಮ ಮತ್ತು ಗ್ರೇಟರ್ ನೋಯ್ಡಾಗಳಲ್ಲಿ ಸಿಮ್ಯುಲೇಟರ್ ಕೇಂದ್ರಗಳಿವೆ. ಪರವಾನಗಿ ನೀಡುವ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಕೇಂದ್ರ ಕಚೇರಿ ಇರುವುದೂ ದೆಹಲಿಯ ಸಫ್ದರ್‌ಜಂಗ್ ವಿಮಾನ ನಿಲ್ದಾಣದ ಎದುರಿಗೇ.

ಆದರೆ ಪಾಠ ನಡೆಯುವ ಊರಿನಲ್ಲಿ ಹಾರಾಟವಿಲ್ಲ. 1928ರಲ್ಲಿ ಆರಂಭವಾದ ದೆಹಲಿ ಫ್ಲೈಯಿಂಗ್ ಕ್ಲಬ್ಬಿನ ತರಬೇತಿ ವಿಮಾನಗಳು ದಶಕಗಳ ಕಾಲ ಸಫ್ದರ್‌ಜಂಗ್‌ನಿಂದ ಏರುತ್ತಿದ್ದವು. ಸಂಸತ್ತಿನ ಮೇಲಿನ ದಾಳಿಯ ನಂತರ ಭದ್ರತೆಯ ಕಾರಣದಿಂದ ಅವು ನಿಂತವು. ಹೀಗಾಗಿ ದ್ವಾರಕಾದಲ್ಲಿ ಓದಿದವರು ಹಾರಲು ಹರಿಯಾಣದ ನಾರ್ನೌಲ್‌ಗೋ, ಉತ್ತರ ಪ್ರದೇಶದ ಫುರ್ಸತ್‌ಗಂಜ್‌ಗೋ, ನಮ್ಮ ಬೆಳಗಾವಿ–ಕಲಬುರಗಿಗೋ, ಇಲ್ಲವೇ ವಿದೇಶಕ್ಕೋ ಹೋಗಬೇಕು. ರಾಜಧಾನಿಯಲ್ಲಿ ಉಳಿದಿರುವುದು ಕಚೇರಿ, ಕೋಚಿಂಗ್ ಮತ್ತು ಪರೀಕ್ಷೆ.

ಬೇಡಿಕೆ ಇರುವುದೆಲ್ಲಿ?

ಈ ಮಾರುಕಟ್ಟೆಗೆ ಇಂಧನ ಒದಗಿಸಿರುವುದು ವಿಮಾನಗಳ ಖರೀದಿ. 2023ರ ಫೆಬ್ರುವರಿಯಲ್ಲಿ ದೇಶದ ಒಂದು ವಿಮಾನಯಾನ ಸಂಸ್ಥೆ 470 ವಿಮಾನಗಳ ಖರೀದಿ ಪ್ರಕಟಿಸಿದರೆ, ಜೂನ್‌ನಲ್ಲಿ ಮತ್ತೊಂದು ಸಂಸ್ಥೆ 500 ವಿಮಾನಗಳಿಗೆ ಬೇಡಿಕೆ ಸಲ್ಲಿಸಿತು. ಕೋವಿಡ್ ಕಾಲದ 2020ರಲ್ಲಿ 578ಕ್ಕೆ ಇಳಿದಿದ್ದ ವಾಣಿಜ್ಯ ಪೈಲಟ್ ಪರವಾನಗಿಗಳ ವಿತರಣೆ 2022ರಲ್ಲಿ 1,165ಕ್ಕೂ 2023ರಲ್ಲಿ 1,622ಕ್ಕೂ ಏರಿತು. ಪೈಲಟ್‌ಗಳ ವಿಶ್ರಾಂತಿ ಹೆಚ್ಚಿಸಿ ರಾತ್ರಿಯ ಇಳಿಕೆಗಳಿಗೆ ಮಿತಿ ಹೇರಿದ ಹೊಸ ನಿಯಮಗಳು ಪೂರ್ಣವಾಗಿ ಜಾರಿಗೆ ಬಂದ ಬೆನ್ನಲ್ಲೇ, 2025ರ ಡಿಸೆಂಬರ್ ಆರಂಭದಲ್ಲಿ ಸಾವಿರಾರು ವಿಮಾನಗಳ ಹಾರಾಟ ರದ್ದಾಯಿತು. ಆಗ ‘ದೇಶದಲ್ಲಿ ಪೈಲಟ್‌ಗಳ ಕೊರತೆ’ ಎಂಬ ಮಾತು ಮನೆಮನೆಗೂ ತಲುಪಿತು.

ಈ ಮಾತು ಅರ್ಧ ಮಾತ್ರ ನಿಜ. ಸಂಸ್ಥೆಗಳಿಗೆ ತುರ್ತಾಗಿ ಬೇಕಿರುವುದು ಸಾವಿರಾರು ಗಂಟೆ ಹಾರಿದ ಕ್ಯಾಪ್ಟನ್‌ಗಳು. 200 ಗಂಟೆ ಪೂರೈಸಿ ಹೊಸದಾಗಿ ಪರವಾನಗಿ ಪಡೆದವರ ಸಾಲು ಉದ್ದವಾಗಿಯೇ ಇದೆ. ಮಾರುಕಟ್ಟೆಯ ಏರಿಳಿತವೂ ಕಡಿಮೆಯದಲ್ಲ. ಬೆಂಗಳೂರನ್ನೇ ನೆಲೆಯಾಗಿಸಿಕೊಂಡಿದ್ದ ವಿಮಾನಯಾನ ಸಂಸ್ಥೆಯೊಂದು 2012ರಲ್ಲಿ ನಿಂತಿತು. 2019ರ ಏಪ್ರಿಲ್‌ನಲ್ಲಿ ಮತ್ತೊಂದು, 2023ರ ಮೇ ತಿಂಗಳಲ್ಲಿ ಇನ್ನೊಂದು ರೆಕ್ಕೆ ಮಡಚಿದವು. ಪ್ರತಿ ಬಾರಿಯೂ ಅನುಭವಿ ಪೈಲಟ್‌ಗಳು ಕೆಲಸ ಹುಡುಕಲು ಹೊರಟರು, ಹೊಸಬರು ಅವರ ಹಿಂದೆ ನಿಲ್ಲಬೇಕಾಯಿತು. ತರಬೇತಿ ಸೇರುವಾಗಿನ ಮಾರುಕಟ್ಟೆ ಪರವಾನಗಿ ಕೈಸೇರುವಾಗಲೂ ಹಾಗೆಯೇ ಇರುತ್ತದೆಂಬ ಖಾತರಿಯಿಲ್ಲ.

ಎರಡು ಬಗೆಯ ಪರೀಕ್ಷೆ

ಪೋಷಕರು ಸಾಮಾನ್ಯವಾಗಿ ಒಂದೇ ಎಂದುಕೊಳ್ಳುವ ಎರಡು ಪರೀಕ್ಷೆಗಳು ಇಲ್ಲಿವೆ. ಮೊದಲನೆಯದು ಪರವಾನಗಿಯದು. ವಾಣಿಜ್ಯ ಪೈಲಟ್ ಪರವಾನಗಿಗೆ 18 ವರ್ಷ ತುಂಬಿರಬೇಕು, ಹನ್ನೆರಡನೇ ತರಗತಿಯಲ್ಲಿ ಭೌತವಿಜ್ಞಾನ ಮತ್ತು ಗಣಿತ ಓದಿರಬೇಕು ಎಂಬುದು ರೂಢಿಯಲ್ಲಿರುವ ನಿಯಮ. ಒಂದನೇ ದರ್ಜೆಯ ವೈದ್ಯಕೀಯ ಪ್ರಮಾಣಪತ್ರ, ಕನಿಷ್ಠ 200 ಗಂಟೆಗಳ ಹಾರಾಟ, ವಿಷಯವಾರು ಪತ್ರಿಕೆಗಳಲ್ಲಿ ಶೇ 70 ಅಂಕ, ಜತೆಗೆ ರೇಡಿಯೊ ಸಂವಹನದ ಪ್ರತ್ಯೇಕ ಪರೀಕ್ಷೆಯೂ ಬೇಕು. ಇದು ಪಠ್ಯ ಇರುವ ಪರೀಕ್ಷೆ. ಕುಳಿತು ಓದಿದರೆ ಪಾಸಾಗಬಹುದು, ಫೇಲಾದರೆ ಮತ್ತೆ ಬರೆಯಬಹುದು.

ಎರಡನೆಯದು ಆಯ್ಕೆಯ ಪರೀಕ್ಷೆ. ಫುರ್ಸತ್‌ಗಂಜ್‌ನ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ ಇಂಗ್ಲಿಷ್, ಗಣಿತ, ಭೌತವಿಜ್ಞಾನ ಮತ್ತು ತರ್ಕದ ಲಿಖಿತ ಪರೀಕ್ಷೆಯೊಂದಿಗೆ ಆಯ್ಕೆ ಆರಂಭಿಸಿ, ಅದರಲ್ಲಿ ಗೆದ್ದವರನ್ನು ಮುಂದಿನ ಸುತ್ತುಗಳಿಗೆ ಕರೆಯುತ್ತದೆ. ವಿಮಾನಯಾನ ಸಂಸ್ಥೆಗಳ ‘ಕೆಡೆಟ್’ ಯೋಜನೆಗಳಲ್ಲಿ ಕಂಪ್ಯೂಟರ್ ಆಧಾರಿತ ಆಪ್ಟಿಟ್ಯೂಡ್ ಪರೀಕ್ಷೆ, ಗುಂಪು ಚಟುವಟಿಕೆ ಮತ್ತು ಸಂದರ್ಶನ ಇರುತ್ತವೆ. ಇಲ್ಲಿ ಕೇಳುವುದು ನೀವೇನು ಓದಿದ್ದೀರಿ ಎಂದಲ್ಲ. ಒಂದೇ ಹೊತ್ತಿಗೆ ಎಷ್ಟು ಕೆಲಸ ನಿಭಾಯಿಸಬಲ್ಲಿರಿ ಎಂಬುದೇ ಪ್ರಶ್ನೆ.

ಒಂದು ಮಾದರಿ ನೋಡಿ. ಪರದೆಯ ಮೇಲೆ ಅಂಕುಡೊಂಕಾದ ದಾರಿಯೊಂದು ಮೇಲಿನಿಂದ ಕೆಳಕ್ಕೆ ಸರಿಯುತ್ತಿರುತ್ತದೆ. ಜಾಯ್‌ಸ್ಟಿಕ್ ಹಿಡಿದು ಒಂದು ಗುರುತನ್ನು ಆ ದಾರಿಯೊಳಗೇ ಉಳಿಸಿಕೊಳ್ಳಬೇಕು. ಮತ್ತೊಂದು ಸುತ್ತಿನಲ್ಲಿ ಎತ್ತರ, ದಿಕ್ಕು, ರೇಡಿಯೊ ತರಂಗಾಂತರದಂಥ ಅಂಕಿಗಳು ಮಿಂಚಿ ಮರೆಯಾಗುತ್ತವೆ. ನಿಮಿಷಗಳ ನಂತರ ಅವನ್ನು ನೆನಪಿನಿಂದ ಬರೆಯಬೇಕು. ನಡುವೆ ಮನಗಣಿತ: 480 ನಾಟ್ ವೇಗದ ವಿಮಾನ 25 ನಿಮಿಷದಲ್ಲಿ ಎಷ್ಟು ದೂರ ಸಾಗುತ್ತದೆ? ನಿಮಿಷಕ್ಕೆ 8 ನಾಟಿಕಲ್ ಮೈಲಿ, ಒಟ್ಟು 200. ಕಾಗದವಿದ್ದರೆ ಇದು ಪ್ರೌಢಶಾಲೆಯ ಲೆಕ್ಕ. ಕೈ ಜಾಯ್‌ಸ್ಟಿಕ್ ಮೇಲಿದ್ದು, ಮೂಲೆಯಲ್ಲೊಂದು ದೀಪ ಮಿನುಗುತ್ತಿದ್ದು, ಗಡಿಯಾರ ಇಳಿಯುತ್ತಿರುವಾಗ ಮಗ್ಗಿ ಬಾಯಿಗೆ ಬರುವವರಷ್ಟೇ ಉತ್ತರ ಹೇಳಬಲ್ಲರು.

ಯುದ್ಧಕಾಲದಲ್ಲಿ ಹುಟ್ಟಿದ ವಿಧಾನ

ಈ ಪರೀಕ್ಷೆಗಳ ಮೂಲ ಎರಡನೇ ಮಹಾಯುದ್ಧದಲ್ಲಿದೆ. ಅಮೆರಿಕದ ವಾಯುಪಡೆ ಲಕ್ಷಾಂತರ ತರುಣರನ್ನು ಒಂಬತ್ತು ದರ್ಜೆಗಳ ಅಳತೆಯಲ್ಲಿ ವಿಂಗಡಿಸಿತು. ಕಟ್ಟಕಡೆಯ ದರ್ಜೆಯವರಲ್ಲಿ ಶೇ 77ರಷ್ಟು ಮಂದಿ ಪ್ರಾಥಮಿಕ ಹಾರಾಟ ತರಬೇತಿಯಲ್ಲೇ ಹೊರಬಿದ್ದರೆ, ಮೇಲಿನ ದರ್ಜೆಯಲ್ಲಿ ಹಾಗಾದವರು ಶೇ 4ರಷ್ಟು ಮಾತ್ರ. ಕೆಲವೇ ಗಂಟೆಗಳ ಪರೀಕ್ಷೆ ತಿಂಗಳುಗಳ ತರಬೇತಿಯ ಫಲವನ್ನು ಮೊದಲೇ ಸೂಚಿಸಬಲ್ಲದು ಎಂಬ ವಿಶ್ವಾಸ ಅಲ್ಲಿಂದ ಬೆಳೆಯಿತು.

ಭಾರತದ ವಾಯುಪಡೆಯಲ್ಲಿ ಮೈಸೂರು, ಡೆಹ್ರಾಡೂನ್ ಮೊದಲಾದ ಆಯ್ಕೆ ಮಂಡಳಿಗಳಲ್ಲಿ ನಡೆಯುತ್ತಿದ್ದ ಪೈಲಟ್ ಆಪ್ಟಿಟ್ಯೂಡ್ ಪರೀಕ್ಷೆ ಇದೇ ಪರಂಪರೆಯದು. ಅದರ ಜಾಗಕ್ಕೆ ಬಂದ ಗಣಕೀಕೃತ ವ್ಯವಸ್ಥೆಯನ್ನು ರೂಪಿಸಿದ್ದು ರಕ್ಷಣಾ ಸಂಶೋಧನಾ ಸಂಸ್ಥೆಯ ಎರಡು ಪ್ರಯೋಗಾಲಯಗಳು. ಒಂದು ದೆಹಲಿಯಲ್ಲಿರುವ ಮನೋವಿಜ್ಞಾನದ್ದು, ಇನ್ನೊಂದು ಬೆಂಗಳೂರಿನಲ್ಲಿರುವ ವೈಮಾನಿಕ ತಂತ್ರಜ್ಞಾನದ್ದು. ಅಲ್ಲಿನ ಕಟ್ಟುನಿಟ್ಟು ಗಮನಾರ್ಹ: ಜೀವಮಾನಕ್ಕೆ ಒಂದೇ ಅವಕಾಶ, ಸೋತರೆ ಮತ್ತೆ ಇಲ್ಲ. ಅಭ್ಯಾಸದಿಂದ ಅಂಕ ಏರಿದರೆ ಪರೀಕ್ಷೆ ಅಳೆಯಬೇಕಾದದ್ದನ್ನು ಅಳೆಯುವುದಿಲ್ಲ ಎಂಬುದು ಇದರ ಹಿಂದಿನ ತರ್ಕ. ಖಾಸಗಿ ವಲಯದಲ್ಲಿ ಅಂಥ ಸಾರ್ವತ್ರಿಕ ಕಟ್ಟುಪಾಡಿಲ್ಲ. ಒಂದು ಕಡೆ ಸೋತವರು ಇನ್ನೊಂದು ಕಡೆ ಪ್ರಯತ್ನಿಸಬಹುದು. ಸಿದ್ಧತೆಯ ಮಾರುಕಟ್ಟೆ ನಿಂತಿರುವುದೇ ಈ ಜಾಗದಲ್ಲಿ.

ಸಿದ್ಧತೆಯ ಮಿತಿ

ಹಾಗಾದರೆ ಸಿದ್ಧತೆಯಿಂದ ಪ್ರಯೋಜನವುಂಟೆ? ಉಂಟು, ಒಂದು ಮಿತಿಯವರೆಗೆ. ಗಣಿತ, ಭೌತವಿಜ್ಞಾನದ ತಳಪಾಯವನ್ನು ಶ್ರಮದಿಂದ ಗಟ್ಟಿ ಮಾಡಿಕೊಳ್ಳಬಹುದು. ಜಾಯ್‌ಸ್ಟಿಕ್ಕನ್ನೇ ಮುಟ್ಟದವರಿಗೆ ಕೆಲವು ದಿನಗಳ ಅಭ್ಯಾಸವೂ ಗಮನಾರ್ಹ ಲಾಭ ಕೊಡುತ್ತದೆ. ಅದು ಸಾಮರ್ಥ್ಯ ಹೆಚ್ಚಿದ್ದರ ಗುರುತಲ್ಲ, ಅಪರಿಚಿತತೆ ಕಳೆದದ್ದರ ಫಲ. ಮನೆಯಲ್ಲಿ ಕಂಪ್ಯೂಟರ್ ಆಟಗಳೊಂದಿಗೆ ಬೆಳೆದ ನಗರದ ಹುಡುಗನಿಗೂ ಹಳ್ಳಿಯ ಸರ್ಕಾರಿ ಕಾಲೇಜಿನಿಂದ ಬಂದ ಹುಡುಗಿಗೂ ನಡುವಿನ ಅಂತರವನ್ನು ಇಂಥ ಅಭ್ಯಾಸ ತುಸು ಕಡಿಮೆ ಮಾಡುತ್ತದೆ. ಆ ನಂತರ ಅಂಕಗಳ ಏರಿಕೆ ನಿಧಾನವಾಗುತ್ತದೆ.

ವ್ಯಕ್ತಿತ್ವದ ಪ್ರಶ್ನಾವಳಿ ಮತ್ತು ಸಂದರ್ಶನದ ವಿಷಯ ಬೇರೆ. 2015ರ ಮಾರ್ಚ್ 24ರಂದು ಫ್ರಾನ್ಸ್‌ನ ಆಲ್ಪ್ಸ್ ಪರ್ವತದಲ್ಲಿ ಸಹಪೈಲಟ್ ಉದ್ದೇಶಪೂರ್ವಕವಾಗಿ ವಿಮಾನ ಕೆಡವಿ, ತಾನೂ ಸೇರಿ 150 ಮಂದಿ ಸತ್ತ ಮೇಲೆ, ಪೈಲಟ್‌ಗಳನ್ನು ಕೆಲಸಕ್ಕೆ ನಿಯೋಜಿಸುವ ಮುನ್ನ ಮನೋವೈಜ್ಞಾನಿಕ ಮೌಲ್ಯಮಾಪನ ಮಾಡುವುದನ್ನು ಯುರೋಪ್ ಕಡ್ಡಾಯಗೊಳಿಸಿತು. ಇಂಥ ಮೌಲ್ಯಮಾಪನದ ಬೆಲೆ ಇರುವುದು ಅಭ್ಯರ್ಥಿಯ ಪ್ರಾಮಾಣಿಕತೆಯಲ್ಲಿ. ‘ಯಾವ ಪ್ರಶ್ನೆಗೆ ಯಾವ ಉತ್ತರ ಸರಿ’ ಎಂದು ಬಾಯಿಪಾಠ ಮಾಡಿಸುವ ತರಗತಿ ಅಭ್ಯರ್ಥಿಗೂ ಪ್ರಯಾಣಿಕರಿಗೂ ಉಪಕಾರ ಮಾಡುವುದಿಲ್ಲ. ಇನ್ನು ಅಡ್ಡದಾರಿಗಳ ಪರಿಣಾಮವನ್ನು ದೆಹಲಿ ಕಂಡಿದೆ. 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಪರವಾನಗಿ ಪಡೆದ ಪೈಲಟ್‌ಗಳ ಬಂಧನವಾಗಿ, ಪರವಾನಗಿಗಳ ಮರುಪರಿಶೀಲನೆಯೇ ನಡೆಯಬೇಕಾಯಿತು.

ಹಣ ಮೊದಲು, ಪರೀಕ್ಷೆ ಆಮೇಲೆ

ಸಮಸ್ಯೆಯ ತಿರುಳು ಇರುವುದು ಕ್ರಮದಲ್ಲಿ. ಕೆಡೆಟ್ ಯೋಜನೆಗಳಲ್ಲಿ ಆಯ್ಕೆ ಮೊದಲು ನಡೆಯುತ್ತದೆ, ಆದರೆ ಅವುಗಳ ವೆಚ್ಚ ಸಾಮಾನ್ಯವಾಗಿ 1 ಕೋಟಿ ರೂಪಾಯಿ ಮುಟ್ಟುತ್ತದೆ ಅಥವಾ ದಾಟುತ್ತದೆ. ಅಷ್ಟು ಹಣವಿಲ್ಲದವರು ಹಿಡಿಯುವುದು ಸಾಮಾನ್ಯ ಫ್ಲೈಯಿಂಗ್ ಶಾಲೆಯ ದಾರಿ. ಅಲ್ಲಿ ಹನ್ನೆರಡನೇ ತರಗತಿಯ ಅಂಕಪಟ್ಟಿ, ವೈದ್ಯಕೀಯ ಪ್ರಮಾಣಪತ್ರ ಮತ್ತು ಶುಲ್ಕವಿದ್ದರೆ ಬಹುಪಾಲು ಬಾಗಿಲು ತೆರೆಯುತ್ತದೆ. ಹಾರಾಟದ ತರಬೇತಿಗೇ ಅರ್ಧ ಕೋಟಿಯ ಆಸುಪಾಸು, ನಿರ್ದಿಷ್ಟ ಮಾದರಿಯ ವಿಮಾನದ ‘ಟೈಪ್ ರೇಟಿಂಗ್’ಗೆ ಮತ್ತಷ್ಟು ಲಕ್ಷಗಳು. ಕೆಲಸಕ್ಕಾಗಿ ವಿಮಾನಯಾನ ಸಂಸ್ಥೆಯ ಬಾಗಿಲು ತಟ್ಟಿದಾಗ ಮಾತ್ರ ನಿಜವಾದ ಆಪ್ಟಿಟ್ಯೂಡ್ ಪರೀಕ್ಷೆ ಎದುರಾಗುತ್ತದೆ. ಅಲ್ಲಿ ಎಡವಿದವರ ಕೈಯಲ್ಲಿ ಪರವಾನಗಿ ಇರುತ್ತದೆ, ಹೆತ್ತವರ ತಲೆಯ ಮೇಲೆ ಸಾಲ ಇರುತ್ತದೆ.

ಸಾಲದ ನಿಯಮವೂ ಒಂದು ಜರಡಿಯೇ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಪೈಲಟ್ ತರಬೇತಿಗೆ ಜಾಗವಿದೆ, ಆದರೆ 7.5 ಲಕ್ಷ ರೂಪಾಯಿ ಮೀರಿದ ಸಾಲಕ್ಕೆ ಸಾಮಾನ್ಯವಾಗಿ ಆಸ್ತಿಯ ಅಡಮಾನ ಬೇಕು. ಹೊಲವನ್ನೋ ಮನೆಯನ್ನೋ ಅಡವಿಡಬಲ್ಲ ಕುಟುಂಬದ ಮಕ್ಕಳಷ್ಟೇ ಈ ಜರಡಿಯನ್ನು ದಾಟುತ್ತಾರೆ. ಎಂದರೆ ಗುಣಕ್ಕಿಂತ ಮೊದಲು ಗಂಟನ್ನು ತೂಗಲಾಗುತ್ತದೆ.

ಕರ್ನಾಟಕದ ಪಾಲು

ಬೆಂಗಳೂರಿನ ಜಕ್ಕೂರಿನಲ್ಲಿ ಮೈಸೂರು ಸಂಸ್ಥಾನದ ಕೊನೆಯ ದಿನಗಳಿಂದ ಬಂದ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಿದೆ. ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲಿ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಿದೆ. 2021ರ ನಂತರ ವಿಮಾನ ನಿಲ್ದಾಣ ಪ್ರಾಧಿಕಾರದ ಯೋಜನೆಯಡಿ ಬೆಳಗಾವಿ ಮತ್ತು ಕಲಬುರಗಿಯಲ್ಲೂ ತರಬೇತಿ ಶಾಲೆಗಳಿಗೆ ಜಾಗ ಸಿಕ್ಕಿತು. ಹಾರುವ ನೆಲ ಇಷ್ಟಿದ್ದರೂ ಆಯ್ಕೆಯ ಸಿದ್ಧತೆಗೆ ನಮ್ಮ ಮಕ್ಕಳು ದ್ವಾರಕಾದತ್ತ ನೋಡುತ್ತಾರೆ. ಅಲ್ಲಿನ ಪಾಠ ಹಿಂದಿ ಬೆರೆತ ಇಂಗ್ಲಿಷ್‌ನಲ್ಲಿ, ಪರೀಕ್ಷೆ ಪೂರ್ತಿ ಇಂಗ್ಲಿಷ್‌ನಲ್ಲಿ. ವಿಮಾನಯಾನದ ಸಂವಹನ ಭಾಷೆ ಇಂಗ್ಲಿಷ್ ಆಗಿರುವುದರಿಂದ ಪರೀಕ್ಷೆಯ ಭಾಷೆಯನ್ನು ಬದಲಿಸುವುದು ಸಾಧುವಲ್ಲ. ಆದರೆ ಕನ್ನಡ ಮಾಧ್ಯಮದ ವಿದ್ಯಾರ್ಥಿ ಪದಗಳಿಗೆ ತಡಕಾಡುವ ಕ್ಷಣಗಳನ್ನು ಅವರ ನಿರ್ಧಾರಶಕ್ತಿಯ ಕೊರತೆ ಎಂದು ಓದಿಕೊಳ್ಳುವ ಅಪಾಯ ಇದ್ದೇ ಇದೆ.

ಕಲೆ, ವಾಣಿಜ್ಯ ಓದಿದವರ ದಾರಿಯೂ ರಾಜಧಾನಿ ಪ್ರದೇಶವನ್ನೇ ಹಾಯುತ್ತದೆ. ನೋಯ್ಡಾದಲ್ಲಿ ಕೇಂದ್ರ ಕಚೇರಿಯಿರುವ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಭೌತವಿಜ್ಞಾನ, ಗಣಿತ ಬರೆದು ಅರ್ಹತೆ ಪಡೆಯುವವರಿದ್ದಾರೆ. ಈ ನಿಬಂಧನೆಯನ್ನೇ ಸಡಿಲಿಸುವ ಪ್ರಸ್ತಾವ 2025ರಲ್ಲಿ ಚರ್ಚೆಗೆ ಬಂತು. ಬಾಗಿಲು ಅಗಲವಾದಷ್ಟೂ ಒಳಗಿನ ಆಯ್ಕೆ ಹೆಚ್ಚು ಎಚ್ಚರದಿಂದ ನಡೆಯಬೇಕಾಗುತ್ತದೆ.

ಯಾವುದು ನ್ಯಾಯ?

ಶುಲ್ಕ ಕಟ್ಟುವ ಮುನ್ನ ಎಲ್ಲರಿಗೂ ಒಂದು ಸಾಮಾನ್ಯ ಆಪ್ಟಿಟ್ಯೂಡ್ ಪರೀಕ್ಷೆ ಇರಲಿ ಎಂಬ ವಾದಕ್ಕೆ ಬಲವಿದೆ. ಎದುರು ವಾದವೂ ಹಗುರವಾದದ್ದಲ್ಲ. ಕಡ್ಡಾಯ ಪರೀಕ್ಷೆ ಬಂದ ಕಡೆಯೆಲ್ಲ ಕೋಚಿಂಗ್ ಬೆಳೆದಿದೆ. ಯುದ್ಧಕಾಲದ ಅಂಕಿಗಳನ್ನೇ ತಿರುಗಿಸಿ ಓದಿದರೆ, ಕಟ್ಟಕಡೆಯ ದರ್ಜೆಯವರಲ್ಲೂ ಸರಿಸುಮಾರು ಕಾಲು ಭಾಗದಷ್ಟು ಮಂದಿ ತರಬೇತಿಯಲ್ಲಿ ಉಳಿದುಕೊಂಡಿದ್ದರು. ಒಂದು ಮಧ್ಯಾಹ್ನದ ಪರೀಕ್ಷೆ ಯಾರೊಬ್ಬರ ಬದುಕಿನ ದಾರಿಯನ್ನು ಶಾಶ್ವತವಾಗಿ ಮುಚ್ಚುವುದು ನ್ಯಾಯವಾಗದು.

ಆದ್ದರಿಂದ ಇಂಥ ಪರೀಕ್ಷೆ ತಡೆಗೋಡೆಯಾಗದೆ ಮುನ್ಸೂಚನೆಯಾಗುವುದು ಲೇಸು. ತರಬೇತಿ ಶಾಲೆಗಳ ಲಾಭದೊಂದಿಗೆ ಸಂಬಂಧವಿಲ್ಲದ ಸಂಸ್ಥೆಯೊಂದು ಅದನ್ನು ನಡೆಸಬೇಕು. ಮಾದರಿ ಅಭ್ಯಾಸಗಳು ಎಲ್ಲರಿಗೂ ಉಚಿತವಾಗಿ ಸಿಗಬೇಕು. ಫಲಿತಾಂಶ ಅಭ್ಯರ್ಥಿಯ ಕೈಗೇ ಬರಬೇಕು: ಎಲ್ಲಿ ಬಲ, ಎಲ್ಲಿ ದೌರ್ಬಲ್ಯ, ಯಾವುದನ್ನು ತಿದ್ದಿಕೊಳ್ಳಬಹುದು ಎಂಬ ವಿವರದೊಂದಿಗೆ. ಮುಂದುವರಿಯುವ ನಿರ್ಧಾರ ಕುಟುಂಬದ್ದೇ ಆಗಿರಲಿ, ಆದರೆ ಅದು ತಿಳಿದು ಮಾಡಿದ ನಿರ್ಧಾರವಾಗಲಿ. ಶಾಲೆಗಳ ವಿಷಯದಲ್ಲಿ ಒಂದು ಹೆಜ್ಜೆ ಈಗಾಗಲೇ ಇಡಲಾಗಿದೆ. ಮಹಾನಿರ್ದೇಶನಾಲಯ 2025ರಲ್ಲಿ ಮೊದಲ ಬಾರಿಗೆ ತರಬೇತಿ ಶಾಲೆಗಳಿಗೆ ಶ್ರೇಣಿ ನೀಡಿದಾಗ ಮೇಲಿನ ಎರಡು ಶ್ರೇಣಿಗಳಲ್ಲಿ ಒಂದು ಶಾಲೆಯೂ ಇರಲಿಲ್ಲ. ವಿದ್ಯಾರ್ಥಿಯನ್ನು ಅಳೆಯುವ ವ್ಯವಸ್ಥೆಗೆ ಶಾಲೆಯನ್ನು ಅಳೆಯುವ ಹೊಣೆಯೂ ಇದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಈ ಎರಡೂ ಅಳತೆಗಳು ಮೊದಲ ಕಂತಿನ ಶುಲ್ಕಕ್ಕೂ ಮುನ್ನವೇ ಪೋಷಕರ ಮುಂದಿರುವಂತೆ ನೋಡಿಕೊಳ್ಳುವುದು ಸರ್ಕಾರಕ್ಕೆ ದೊಡ್ಡ ಖರ್ಚಿನ ಕೆಲಸವಲ್ಲ.